ಮನೆಗೊಂದು

ಒಂದು ಮನೆಗೆ ಒಂದೇ ಮಗು. ಅದು ಸಂಸ್ಥೆಯ ನಿಯಮ.
ಹಾಗೆ ಹೇಳುವಾಗ ಆಂಜಿನಪ್ಪ ಸರ್
ತಾವೇ ಮಾಡಿದ ತಪ್ಪೆಂಬಂತೆ
ಚಪ್ಪಲಿಯ ಕಡೆ ನೋಡುತ್ತಿದ್ದರು.

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ
ಬೆಳಗಿನ ಐದಕ್ಕೇ ಗೂಡು ಬೇಯುವ ವಾಸನೆ ಏಳುತ್ತದೆ,
ಸತ್ತ ಹುಳದ್ದು, ಹಸಿ ಸೌದೆಯದ್ದು.
ಅಮ್ಮಿ ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು.
ನನಗೆ ಹದಿಮೂರು, ಎಳೆಯ ತುದಿ ಹಿಡಿಯಲು ಬರುತ್ತಿತ್ತು.
ನಿಗಾರ್‌ಗೆ ಏಳು, ಏನೂ ಬರುತ್ತಿರಲಿಲ್ಲ.
ಅದಕ್ಕೇ ಅವಳು ಹೋದಳು.

ಫೋಟೊ ತೆಗೆದರು, ನನ್ನ ಫ್ರಾಕಿನಲ್ಲಿ,
ಬೆನ್ನ ಹಿಂದೆ ಮೂರು ಪಿನ್ನು ಚುಚ್ಚಿ.
ನಂಬರು ಕೊಟ್ಟರು: ನಾನೂರ ಹದಿನೇಳು.
ಗದಗಿನ ಹೇಮಲತಾ ಪಾಟೀಲ ಎಂಬುವರು
ಅವಳ ಫೀಸು ಕಟ್ಟುತ್ತಾರೆ, ಪುಸ್ತಕ, ಶೂ,
ಬಸ್ಸಿನ ಪಾಸು ಕೂಡ.
ವರ್ಷಕ್ಕೆರಡು ಸಲ ಮಗು ಪತ್ರ ಬರೆಯಬೇಕು.

ಮಗು ಬರೆದದ್ದು ಕೋಳಿ ಕೆದರಿದ ಹಾಗಿತ್ತು.
ಜುಲೇಖಾ, ನೀನು ಬರಿ, ಅಂದಳು ಅಮ್ಮಿ.

ಬಿಸಿನೀರಲ್ಲಿ ನೆನೆದು ಬಿಳಿಚಿದ ಬೆರಳಲ್ಲಿ
ಪೆನ್ನು ನಿಲ್ಲುತ್ತಿರಲಿಲ್ಲ. ದುಪಟ್ಟಾಗೆ ಒರೆಸಿ ಒರೆಸಿ
ಬರೆದೆ: ಪೂಜ್ಯ ಮೇಡಂ ಅವರಿಗೆ
ನಿಗಾರ್ ಮಾಡುವ ನಮಸ್ಕಾರಗಳು. ನಾನು ಕ್ಷೇಮ.
ತಾವು ಕಳಿಸಿದ ಶೂ ಸರಿಯಾಗಿದೆ.
(ದೊಡ್ಡದಾಗಿತ್ತು. ಮುಂದಕ್ಕೆ ಬಟ್ಟೆ ತುರುಕಿದ್ದೆವು.)

ಉತ್ತರ ಬಂತು.
'ನಿನ್ನ ಅಕ್ಷರ ಭಾಳ ಛಂದ ಅದಾವ,
ಮುತ್ತ ಪೋಣಿಸಿದಂಗ.'
ಚಂದಾನಾ? ದುಡ್ಡು ವಾಪಸ್ ಕೇಳ್ತಾರಾ?
ಅಮ್ಮಿ ಎದೆ ಹಿಡಿದುಕೊಂಡಳು.
ಅಲ್ಲ ಅಮ್ಮಿ, ಚೆನ್ನಾಗಿದೆ ಅಂತ, ಅಂದೆ.
ಯಾರದು, ಅಂತ ಅವಳು ಕೇಳಲಿಲ್ಲ.
ನಿಗಾರ್ ಆ ಕಾಗದವನ್ನು ಶಾಲೆಗೆ ಒಯ್ದು ತೋರಿಸಿ ಬಂದಳು.
ನಾನು ನೀರಿಗೆ ಕೈ ಹಾಕಿದೆ.
ಅವತ್ತು ಎಳೆ ಎಷ್ಟು ಸಲ ಕಡಿಯಿತೋ.

ಒಂದು ಸಲ ಹೊಟ್ಟೆ ಉರಿದು
'ಲೆಕ್ಕದಲ್ಲಿ ಹಿಂದಿದ್ದೇನೆ' ಎಂದು ಬರೆದುಬಿಟ್ಟೆ.
ಹಿಂದಿರಲಿಲ್ಲ ಅವಳು.
ಗದಗಿನಿಂದ ದಪ್ಪನೆಯ ಲೆಕ್ಕದ ಪುಸ್ತಕ ಬಂತು.
ರಾತ್ರಿ ಕೂತು ಅದನ್ನು ನಾನೇ ಮುಗಿಸಿದೆ.
ಆಮೇಲೆ ಗುರುವಾರದ ಬಟವಾಡೆಯಲ್ಲಿ
ಮಾಲೀಕನಿಗೆ ನಮ್ಮದೊಂದು ರೂಪಾಯಿಯೂ ದಕ್ಕಲಿಲ್ಲ.

ಹನ್ನೊಂದು ವರ್ಷ.
ನನ್ನ ಮದುವೆಯ ತಿಂಗಳಲ್ಲೂ ಬರೆದೆ,
'ಮನೆಯಲ್ಲಿ ಅಕ್ಕನ ಮದುವೆ, ಬಿರಿಯಾನಿ ಚೆನ್ನಾಗಿತ್ತು' ಎಂದು.
ನನ್ನ ಮದುವೆಗೆ ನಾನೇ ನೆಂಟಳ ಹಾಗೆ.

ಹದಿನೆಂಟು ತುಂಬಿದರೆ ಫೈಲು ಮುಚ್ಚುತ್ತಾರೆ.
ಕೊನೆಯ ಪತ್ರಕ್ಕೆ ನಿಗಾರ್ ಚಿಂತಾಮಣಿಯಿಂದ ಬಂದಳು,
ಲ್ಯಾಬ್ ಕೋರ್ಸಿನ ಬಿಳಿ ಕೋಟು ಬ್ಯಾಗಿನಲ್ಲಿ ಮಡಚಿಟ್ಟು.
ಕೊಡು ಆಪಾ, ಇವತ್ತು ನಾನು ಬರಿತೀನಿ.
ಬರೆದಳು. ಕೋಳಿ ಇನ್ನೂ ಕೆದರುತ್ತಲೇ ಇತ್ತು.
ಕೆಳಗಿನ ಎರಡು ಸಾಲಿಗೆ ಅಂಗೈ ಅಡ್ಡ ಹಿಡಿದಿದ್ದಳು.

ತಿಂಗಳ ಮೇಲೆ, ಫೈಲು ಮುಚ್ಚಿದ ಮೇಲೆ,
ಒಂದು ಲಕೋಟೆ.
'ಇಷ್ಟ ದಿವಸ ಪತ್ರ ಬರದಾಕಿಗೆ' ಅಂತ ಶುರು.
'ನಿನ್ನ ತಂಗಿ ಎಲ್ಲಾ ತಿಳಿಸ್ಯಾಳ.
ಹೆಸರ ಮಾತ್ರ ಬರಿಯೂದ ಮರತಾಳ ಹುಚ್ಚಿ.
ನಿನ್ನ ಹೆಸರೇನವಾ?'

ಮೂರು ಹಾಳೆ ಕೆಡಿಸಿದೆ.
ಅಷ್ಟು ವರ್ಷ ಜಾರದ ಪೆನ್ನು
ಸ್ವಂತ ಹೆಸರಿನ ಜು ಹತ್ತಿರ ಬಂದು ಜಾರಿತು.
ನಾಲ್ಕನೆಯದನ್ನು ಹಿಡಿದು, ಮಗನನ್ನು ಸೊಂಟಕ್ಕೇರಿಸಿ
ಆಫೀಸಿಗೆ ಹೋದೆ.

ಆಂಜಿನಪ್ಪ ಸರ್ ಅಭ್ಯಾಸದಂತೆ
ಲಕೋಟೆಯ ಬಲ ಮೂಲೆಗೆ ಪೆನ್ನು ಊರಿ
'ಮಗುವಿನ ನಂಬರು?' ಅಂದರು,
ಅಂದು ಸುಮ್ಮನಾದರು.
ಊರಿದ ಕಡೆ ಶಾಯಿಯ ಒಂದು ಚುಕ್ಕೆ.
ಅದು ಹಾಗೇ ಹೋಯಿತು ಗದಗಿಗೆ.